ಕರೆಂಟ್ ಹೋಗುವ ಊರಿಗೆ ಅಗ್ಗದ ಬಲ್ಬೇ?

"ಯೂರೋದಲ್ಲಿ ಸಂಬಳ ಎಣಿಸೋನು ನೀನು, ನಿಂಗೇನಪ್ಪಾ!" ಹಾಸನದಿಂದ ಅಣ್ಣ ಹೀಗಂದಾಗ ಚುರುಕ್ ಅಂತು. ಹೊಸ ಮನೆಗೆ ಹಾಕಿಸಿದ, ಫೋನಿನ ಆ್ಯಪ್‌ನಿಂದ ಹತ್ತಿಸಿ ಆರಿಸುವ ಸ್ಮಾರ್ಟ್ ಬಲ್ಬುಗಳನ್ನು ಬದಲಾಯಿಸು ಅಂದಿದ್ದೆ, ಅಷ್ಟೇ.

ಅಲ್ಲಿ ಆಗುತ್ತಿರುವುದು ಇದು. ಯುಪಿಎಸ್ ಲೈನ್ ಇರುವುದು ಹಾಲಿಗೆ, ಫ್ಯಾನುಗಳಿಗೆ ಮಾತ್ರ. ನಡುರಾತ್ರಿ ಕರೆಂಟ್ ಹೋಗಿ ಬಂದರೆ ರೂಮುಗಳಲ್ಲಿ ಆ್ಯಪ್‌ನಿಂದ ಆರಿಸಿದ್ದ ಬಲ್ಬೆಲ್ಲ ಜಗ್ಗನೆ ಹತ್ತಿಕೊಳ್ಳುತ್ತವೆ. ಅಮ್ಮ ಗಾಬರಿಯಾಗಿ ಎದ್ದು ಕೂರುತ್ತಾಳೆ. ಕಾರಣ ಸರಳ. ಗೋಡೆಯ ಸ್ವಿಚ್ ಒತ್ತಿದರೆ ಬಲ್ಬು ಹತ್ತಲೇಬೇಕಲ್ಲ; ಕರೆಂಟ್ ವಾಪಸ್ ಬಂದರೂ ಯಾರೋ ಸ್ವಿಚ್ ಒತ್ತಿದರು ಅಂತಲೇ ಅದು ತಿಳಿಯುತ್ತದೆ. ಕರೆಂಟ್ ಬಂದಾಗ ಮೊದಲಿದ್ದ ಹಾಗೇ ಇರು ಅಂತ ಹೇಳುವ ಸೆಟ್ಟಿಂಗ್ ಒಳ್ಳೆಯ ಬಲ್ಬುಗಳಲ್ಲಿದೆ. ಅಣ್ಣ ತಂದ 500-600 ರೂಪಾಯಿಯದರಲ್ಲಿ ಇಲ್ಲ. ನೆಟ್ ಹೋದರಂತೂ ಆ್ಯಪ್‌ನಲ್ಲಿ ಆರಿಸುವುದಕ್ಕೂ ಆಗುವುದಿಲ್ಲ. ನಮ್ಮ ಬೆಡ್‌ರೂಮಿನ ದೀಪ ಆರಬೇಕಾದರೆ ಮಾತು ಯಾವುದೋ ದೇಶದಲ್ಲಿರುವ ಕಂಪನಿಯ ಸರ್ವರಿಗೆ, ಅಂದರೆ ಅವರ ಕಂಪ್ಯೂಟರಿಗೆ, ಹೋಗಿ ಬರಬೇಕು!

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಜರ್ಮನಿಯಲ್ಲಿ ಒಂದು ಮನೆಗೆ ಕರೆಂಟ್ ಹೋಗುವುದು ವರ್ಷಕ್ಕೆ ಸರಾಸರಿ 12 ನಿಮಿಷದ ಆಸುಪಾಸು. ಆದರೂ ನಮ್ಮ ಪಕ್ಕದ ಮನೆಯ ಅಜ್ಜ ಹೀಟರಿಗೆ ಸ್ಮಾರ್ಟ್ ಥರ್ಮೋಸ್ಟಾಟ್ (ಬಿಸಿ ಎಷ್ಟಿರಬೇಕು ಅಂತ ನೋಡಿಕೊಳ್ಳುವ ಸಾಧನ) ಕೊಳ್ಳಲು ಹೋದಾಗ ಮೊದಲು ಕೇಳಿದ್ದು, "ನೆಟ್ ಹೋದರೆ ಇದು ಕೆಲಸ ಮಾಡುತ್ತಾ? ಕಂಪನಿ ಮುಚ್ಚಿದರೆ?" ಅಂತ. ರೇಟು ಕೇಳಿದ್ದು ಆಮೇಲೆ. ಕೊನೆಗೆ ಕೊಂಡದ್ದು ಜಿಗ್ಬೀದು, ಅಂದರೆ ಮನೆಯೊಳಗಿನ ಸಾಧನಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ವೈರ್‌ಲೆಸ್ ಬಗೆಯದು. ಅವನ್ನೆಲ್ಲ ನಡೆಸುವ ಪುಟ್ಟ ಪೆಟ್ಟಿಗೆ, ಅಂದರೆ ಹಬ್, ಮನೆಯೊಳಗೇ ಇರುತ್ತದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ನನಗೆ ತಡೆಯಲಾಗದ್ದು ಇದೇ. ಕರೆಂಟೇ ಹೋಗದ ಊರಿನವರು ಗಟ್ಟಿ ಸಾಮಾನು ಹುಡುಕುತ್ತಾರೆ. ದಿನಾ ಕರೆಂಟ್ ಹೋಗಿ ಬರುವ, ವೋಲ್ಟೇಜ್ ಏರಿಳಿಯುವ ಊರಿನ ನಾವು "ಆನ್‌ಲೈನಲ್ಲಿ ಇನ್ನೂ ಕಮ್ಮಿಗೆ ಸಿಗುತ್ತೆ" ಅಂತೀವಿ. ಗಟ್ಟಿ ಸಾಮಾನು ಜಾಸ್ತಿ ಬೇಕಾಗಿರೋದು ನಮಗೇ ಅಲ್ವಾ? ಗೃಹಪ್ರವೇಶದ ಊಟಕ್ಕೆ ಲಕ್ಷಗಟ್ಟಲೆ ಸುರಿದು, ವರ್ಷಗಟ್ಟಲೆ ಮನೆಯಲ್ಲಿರಬೇಕಾದ ಸಾಮಾನಿಗೆ ಚೌಕಾಸಿ ಮಾಡುವುದು ಸರಿಯಲ್ಲ.

ಅಣ್ಣನ ಮಾತಲ್ಲೂ ನಿಜವಿದೆ, ಒಪ್ಪುತ್ತೇನೆ. ಒಂದೊಂದು ಬಲ್ಬಿಗೆ ಎರಡು ಸಾವಿರ ಕೊಡು ಅನ್ನುವುದು ಇಲ್ಲಿ ಕೂತವನಿಗೆ ಸುಲಭ. ಎಲ್ಲ ರೂಮಿಗೂ ಸ್ಮಾರ್ಟ್ ಬಲ್ಬು ಬೇಕಾಗಿಯೂ ಇಲ್ಲ. ಅದೇ ಮನೆಯಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರು ಏರಿಸುವ ಮೋಟರಿಗೆ ಒಂದು ಸಾದಾ ಕಂಟ್ರೋಲರ್ ಇದೆ. ಹಳೇ ಮನೆಯಿಂದ ತಂದದ್ದು. ಆ್ಯಪ್ ಇಲ್ಲ, ವೈಫೈ ಇಲ್ಲ. ಟ್ಯಾಂಕ್ ತುಂಬಿದರೆ ಆಫ್, ಸಂಪು ಬರಿದಾದರೂ ಆಫ್. ಒಂದು ದಿನವೂ ಕೈಕೊಟ್ಟಿಲ್ಲ. ಇನ್ನು ಎಲೆಕ್ಟ್ರಿಷಿಯನ್ ವಿಷಯಕ್ಕೆ ಬಂದರೆ ಹಾಸನವೇ ಮೇಲು. ಫೋನ್ ಮಾಡಿದರೆ ಸಂಜೆಗೆ ಬರುತ್ತಾನೆ. ಇಲ್ಲಿ ವಾರಗಟ್ಟಲೆ ಕಾಯಬೇಕು. ಆದರೆ ಸರ್ವರ್ ನಿಂತುಹೋದ ಬಲ್ಬನ್ನು ಅವನಾದರೂ ಹೇಗೆ ರಿಪೇರಿ ಮಾಡಿಯಾನು? ಕನಿಷ್ಠ ಅಮ್ಮನ ರೂಮಿಗಾದರೂ ಸಾದಾ ಬಲ್ಬು ಹಾಕಿಸು ಅಂತ ಈ ಭಾನುವಾರ ಮತ್ತೆ ಹೇಳುತ್ತೇನೆ.