ಎಣ್ಣೆ ಹಾಕಿ ಅಂದೆ, ಬಣ್ಣ ಬಳಿಯಿರಿ ಅನ್ನಲಿಲ್ಲ

ಹೊಟ್ಟೆ ಉರೀತಿದೆ. ಎಲ್ಲಾದರೂ ಹೇಳಿಕೊಳ್ಳಲೇಬೇಕು.

ಅಪ್ಪನ ಸೀಕೋ 5 ವಾಚನ್ನು ಮೈಸೂರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿತ್ತು, ಅಷ್ಟೇ. ಒಳಗಿನ ಎಣ್ಣೆ ಒಣಗಿದೆ ಅಂತ ನನಗೇ ಗೊತ್ತಿತ್ತು. "ಬಿಚ್ಚಿ ತೊಳೆದು ಎಣ್ಣೆ ಹಾಕಿ ಸಾಕು, ಡಯಲ್ ಮಾತ್ರ ಮುಟ್ಟಬೇಡಿ" ಅಂತ ಎರಡೆರಡು ಸಲ ಹೇಳಿದ್ದೆ. "ಆಯ್ತು ಬಿಡಿ ಸಾರ್" ಅಂದರು.

ನಿನ್ನೆ ಸಂಜೆ ಅಂಗಡಿ ಮುಚ್ಚೋ ಹೊತ್ತು. ಹುಡುಗ ಕವರಿನಲ್ಲಿ ಹಾಕಿ ಕೊಟ್ಟ. ಚಿಕ್ಕ ಗಡಿಯಾರ ಗೋಪುರದ ಹತ್ತಿರ ನಿಂತು ತೆಗೆದು ನೋಡಿದರೆ, ಡಯಲ್ ನೀಲಿ! ನವಿಲಿನ ಕತ್ತಿನ ಹಾಗೆ ಮಿರಮಿರ ಮಿಂಚುವ ನೀಲಿ.

ಅಪ್ಪನದು ಬೆಳ್ಳಿ ಬಣ್ಣದ ಡಯಲ್. ಬಿಸಿಲಿಗೆ ಹಿಡಿದರೆ ನಡುವಿನಿಂದ ಕಿರಣ ಹರಡಿದ ಹಾಗೆ ಕಾಣುತ್ತಿತ್ತು. ಅಂಚು ಸ್ವಲ್ಪ ಕಂದಿತ್ತು, ಹೌದು. ನಲವತ್ತು ವರ್ಷ ಆಗಿದೆ, ಕಂದದೆ ಇರುತ್ತಾ? ಆರು ಗಂಟೆಯ ಕೆಳಗೆ, ಅಂಚಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಡಯಲ್ ನಂಬರ್ ಇತ್ತು. ಡಯಲ್ ಅಸಲಿಯೋ ಅಲ್ಲವೋ ಅಂತ ನೋಡುವವರು ಮೊದಲು ಕಣ್ಣು ಹಾಯಿಸುವುದೇ ಅಲ್ಲಿಗೆ. ಈಗ ಅಲ್ಲಿ ಏನೂ ಇಲ್ಲ. 'ಆಟೋಮ್ಯಾಟಿಕ್' ಅನ್ನುವ ಅಕ್ಷರ ದಪ್ಪಗೆ, ಸೊಟ್ಟಗೆ ಕೂತಿದೆ. ನಿಮಿಷದ ಗೆರೆಗಳು ಮುಳ್ಳಿಗೆ ಸರಿಯಾಗಿ ಕೂರುತ್ತಿಲ್ಲ.

ಸಾಲದ್ದಕ್ಕೆ ಪಾಲಿಶ್ ಬೇರೆ! ಕೇಸಿನ ಚೂಪು ಅಂಚುಗಳೆಲ್ಲ ಬಳಸಿ ಸವೆದ ಸೋಪಿನ ಹಾಗೆ ದುಂಡಗಾಗಿವೆ. ಹಿಂದಿನ ಮುಚ್ಚಳ ತಿಕ್ಕಿದ್ದಕ್ಕೆ ಅದರ ಮೇಲಿನ ಸೀರಿಯಲ್ ನಂಬರ್ ಅರ್ಧ ಮಾಸಿಹೋಗಿದೆ. ಆ ನಂಬರಿನ ಮೊದಲ ಅಂಕಿ ವಾಚು ತಯಾರಾದ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಪ್ಪನದು 41 ಅಂತ ಶುರು. ಅಂದರೆ 1984ರ ಜನವರಿ. ಅದೇ ವರ್ಷ ಚಿಕ್ಕಪ್ಪ ದುಬೈನಿಂದ ತಂದುಕೊಟ್ಟಿದ್ದು. ವಾರದ ಹೆಸರು ಅರಬ್ಬಿಯಲ್ಲೂ ಬರುತ್ತಿತ್ತು. ಚಿಕ್ಕವನಿದ್ದಾಗ ಶುಕ್ರವಾರದ ಅಕ್ಷರ ನೋಡಿ ನೋಡಿ ಸ್ಲೇಟಿನ ಮೇಲೆ ಬರೆಯುತ್ತಿದ್ದೆ.

ಬೆಳಿಗ್ಗೆ ಹೋಗಿ ಕೇಳಿದೆ. "ಹಳೇದಾಗಿತ್ತು, ಹೊಸದರ ಥರ ಮಾಡಿಕೊಟ್ಟಿದ್ದೀವಲ್ಲ ಸಾರ್, ಜನ ಇದನ್ನೇ ಕೇಳೋದು" ಅಂದರು. ಹಳೇ ಡಯಲ್ ಕೊಡಿ ಅಂದೆ. ಬೇರೆ ಹಾಕಿಲ್ಲವಂತೆ, ಅದನ್ನೇ ಕೆರೆದು ಅದರ ಮೇಲೇ ಬಳಿದಿದ್ದಾರೆ. ಬಣ್ಣಕ್ಕೆ ಅಂತ ಆರು ನೂರು ರೂಪಾಯಿ ಜಾಸ್ತಿ ಕೂಡ ಹಿಡಿದಿದ್ದಾರೆ!

ಮೆಷಿನ್ ಹಾಳಾಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅದರೊಳಗಿರುವುದು ಸೀಕೋದ 7009 ನಂಬರಿನ ಮೆಷಿನ್. ಸವೆತ ತಡೆಯೋಕೆ 17 ಕಲ್ಲು, ಗಂಟೆಗೆ 21,600 ಬಡಿತ. ಲಕ್ಷಗಟ್ಟಲೆ ಮಾಡಿದ ಮೆಷಿನ್, ಹುಡುಕಿದರೆ ಬಿಡಿಭಾಗ ಇವತ್ತಿಗೂ ಸಿಗುತ್ತೆ. ಡಯಲ್ ಹಾಗಲ್ಲ. ಕೆರೆದರೆ ಹೋಯ್ತು.

ಆನ್‌ಲೈನಿನಲ್ಲಿ ಕೇಸರಿ, ಗಿಳಿಹಸಿರು ಡಯಲಿನ ಸೀಕೋ ರಾಶಿ ರಾಶಿ ಬಿದ್ದಿವೆಯಲ್ಲ, ಎಷ್ಟೋ ಇದೇ ಥರ ಬಳಿದವು. ಎಚ್‌ಎಂಟಿಗೂ ಇದೇ ಗತಿ. 1961ರಲ್ಲಿ ಸಿಟಿಜನ್ ಸಹಕಾರದಲ್ಲಿ ಬೆಂಗಳೂರಲ್ಲೇ ಶುರುವಾದ ವಾಚು, ಅದರ ಜನತಾ ಮಾಡೆಲ್ ಡಯಲನ್ನೂ ಬಿಡುವುದಿಲ್ಲ. ಗಿರಾಕಿ ಗೊತ್ತಿದ್ದು ಬಣ್ಣ ಹಾಕಿಸಿಕೊಂಡರೆ ಅದು ಅವರಿಷ್ಟ. ಬೇಡ ಅಂದವನ ವಾಚಿಗೆ ಯಾಕ್ರೀ ಕೈ ಹಾಕ್ತೀರಿ?

ನನ್ನ ಹತ್ತಿರ ಒಂದು ಹಳೇ ಸಿಟಿಜನ್ ಇದೆ. ಅದಕ್ಕೂ ಎಣ್ಣೆ ಬೇಕು, ಈ ತಿಂಗಳೇ ಕೊಡಬೇಕು ಅಂತಿದ್ದೆ. ಕೊಡಲ್ಲ. ಡಬ್ಬಿಯಲ್ಲಿ ನಿಂತೇ ಇರಲಿ.