ಲಿನ್ನೇಯಾಳ ತವರು

ಮಗಳಿಗೆ ಮಲ್ಲಿಗೆ, ಸಂಪಿಗೆ ಎಂದು ಹೆಸರಿಟ್ಟರೆ ಲೆಕ್ಕ ಸುಲಭ. ಹೂವಿನ ಹೆಸರು ಹುಡುಗಿಗೆ ಬಂತು, ಮುಗಿಯಿತು. ಸ್ವೀಡನ್ನಿನ ಹೆಣ್ಣುಮಕ್ಕಳ ಹೆಸರಾದ ಲಿನ್ನೇಯಾ ಕೂಡ ಹೂವಿನದೇ. ಆದರೆ ಈಕೆಯ ತವರು ಹುಡುಕಿಕೊಂಡು ಹೊರಟರೆ ಹೂವಿನ ಹಿಂದೆ ಒಬ್ಬ ಗಂಡಸು, ಅವನ ಹಿಂದೆ ಅವನಪ್ಪ, ಅಪ್ಪನ ಬೆನ್ನಿಗೆ ಒಂದು ಮರ!

ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಸೀಮೆಯ ಜಮೀನೊಂದರಲ್ಲಿ ಲಿಂಡ್ ಮರವಿತ್ತು. ಹೃದಯದಾಕಾರದ ಎಲೆ, ಜೇನುನೊಣ ಮುತ್ತುವ ಹೂ. ಅಲ್ಲಿನ ಆಡುಮಾತಿನಲ್ಲಿ ಅದು ಬರೀ 'ಲಿನ್'. ಆಗಿನ ರೈತರಿಗೆ ಮನೆತನದ ಹೆಸರಿರಲಿಲ್ಲ; ಇಂಗೆಮಾರನ ಮಗ ನಿಲ್ಸ್ ಎಂದರೆ ನಿಲ್ಸ್ ಇಂಗೆಮಾರ್ಸೊನ್. ನಮ್ಮಲ್ಲಿ ಇನಿಷಿಯಲ್ಲಾಗಿ ತಲೆಗೆ ಕೂರುವ ಅಪ್ಪನ ಹೆಸರು ಅಲ್ಲಿ ಬಾಲವಾಗಿದೆ, ಅಷ್ಟೇ ವ್ಯತ್ಯಾಸ. ನಿಲ್ಸ್ ಲುಂಡ್ ವಿಶ್ವವಿದ್ಯಾಲಯಕ್ಕೆ ಓದಲು ಹೊರಟಾಗ ಅಡ್ಡಹೆಸರು ಬೇಕಾಯಿತು. ಮರದ ಹೆಸರಿಗೆ ಲ್ಯಾಟಿನ್ ಪ್ರತ್ಯಯ ಅಂಟಿಸಿ ಲಿನ್ನೇಯಸ್ ಆದ. ಅದೇ ಮರದಿಂದ ನೆಂಟರ ಒಂದು ಕವಲು ಲಿಂಡೇಲಿಯಸ್ ಆಗಿತ್ತು, ಇನ್ನೊಂದು ಟಿಲಿಯಾಂಡರ್. ಲಿಂಡ್ ಮರಕ್ಕೆ ಲ್ಯಾಟಿನ್ನಿನಲ್ಲಿ ಟಿಲಿಯಾ ಎನ್ನುತ್ತಾರೆ.

1707ರಲ್ಲಿ ಹುಟ್ಟಿದ ನಿಲ್ಸನ ಮಗ ಕಾರ್ಲ್, ಶಾಲೆಯಲ್ಲಿ ಪ್ರತಿ ಜೀವಿಗೂ ಎರಡು ಪದದ ಹೆಸರಿಡುವ ದ್ವಿನಾಮ ಪದ್ಧತಿಯ ಪಾಠದಲ್ಲಿ ನಾವೆಲ್ಲ ಉರು ಹೊಡೆದ ಲಿನ್ನೇಯಸ್. ಅರಳಿ ಮರದ ಶಾಸ್ತ್ರೀಯ ಹೆಸರು ಫೈಕಸ್ ರಿಲಿಜಿಯೋಸಾ. ಅದರ ಬೆನ್ನಿಗಿರುವ 'ಎಲ್' ಎಂಬ ಒಂಟಿ ಅಕ್ಷರ ಹೆಸರಿಟ್ಟ ಇವನದೇ ರುಜು. 1732ರಲ್ಲಿ ಸ್ವೀಡನ್ನಿನ ಉತ್ತರದ ತುದಿಯ ಲ್ಯಾಪ್‌ಲ್ಯಾಂಡ್ ಸುತ್ತಿ ಬಂದ ಇವನಿಗೆ ಕಾಡಿನ ಪಾಚಿಯ ಮೇಲೆ ಹರಡುವ ಪುಟ್ಟ ಗಿಡವೊಂದರ ಮೇಲೆ ಮೋಹ. ಅದಕ್ಕೆ ಲಿನ್ನೇಯಾ ಎಂದು ಕರೆದವನು ಡಚ್ ಸಸ್ಯಶಾಸ್ತ್ರಜ್ಞ ಗ್ರೊನೋವಿಯಸ್. ಅಪ್ಪನ ಪುಲ್ಲಿಂಗದ 'ಅಸ್' ಹೋಗಿ ಸ್ತ್ರೀಲಿಂಗದ 'ಆ' ಬಂತು. ನೆಲಕ್ಕಂಟಿದ, ಯಾರೂ ಲೆಕ್ಕಕ್ಕಿಡದ, ನಾಲ್ಕು ದಿನ ಅರಳುವ ಗಿಡ, ಥೇಟ್ ತನ್ನ ಹಾಗೇ ಎಂದು 1737ರಲ್ಲಿ ಕಾರ್ಲ್ ವಿನಯದಿಂದ ಬರೆದುಕೊಂಡ. ವಿನಯವೇ ಇರಲಿ, ಆದರೆ ಅದೇ ಹೂವನ್ನು ಕೈಯಲ್ಲಿ ಹಿಡಿದು ಭಾವಚಿತ್ರ ಬರೆಸಿಕೊಂಡ, ಕುಲೀನ ಪದವಿ ಬಂದಾಗ ಲಾಂಛನದಲ್ಲೂ ಅದನ್ನೇ ಕೂರಿಸಿದ.

ಗಿಡ ನೋಡಲು ಮೊಣಕಾಲೂರಬೇಕು. ಬಳ್ಳಿ ಪಾಚಿಯೊಳಗೆ ಹರಿಯುತ್ತದೆ, ಎಲೆ ವರ್ಷವಿಡೀ ಹಸಿರು. ಬೇಸಿಗೆಯಲ್ಲಿ ಅದರಿಂದ ಬೆರಳುದ್ದದ ದಾರದಂಥ ಕಾಂಡವೆದ್ದು, ತುದಿಯಲ್ಲಿ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದು, ಕವಲಿಗೊಂದರಂತೆ ಎರಡು ಗುಲಾಬಿ ಗಂಟೆಗಳು ತಲೆಬಾಗಿ ತೂಗುತ್ತವೆ. ಗಂಟೆ ಸುಮಾರು ಒಂದು ಸೆಂಟಿಮೀಟರ್. ಬಾದಾಮಿಯ ನವಿರು ಪರಿಮಳ. ಒಂದು ತೊಡಕಿದೆ: ತನ್ನದೇ ಪರಾಗ ಈ ಹೂವಿಗೆ ಒಗ್ಗುವುದಿಲ್ಲ. ಮೀಟರುಗಟ್ಟಲೆ ಹಬ್ಬಿದ ಹಾಸು ಎಷ್ಟೋ ಸಲ ಒಂದೇ ಬಳ್ಳಿಯ ಸಂತಾನ, ಅಂದರೆ ಒಂದೇ ಗಿಡ. ಹತ್ತಿರದಲ್ಲಿ ಬೇರೆ ಬಳ್ಳಿಯಿಲ್ಲದಿದ್ದರೆ ಎಷ್ಟು ಅರಳಿದರೂ ಬೀಜ ಕಟ್ಟುವುದು ಅಪರೂಪ. ಸ್ಕಾಟ್ಲೆಂಡಿನ ಚದುರಿದ ಕಾಡುಗಳಲ್ಲಿ ಇದಕ್ಕೆ ಕುತ್ತು ಬಂದಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಬೇರೆ ತಾಣದ ಬಳ್ಳಿ ತಂದು ಪಕ್ಕದಲ್ಲಿ ನೆಡುತ್ತಾರೆ. ಒಂದು ರೀತಿಯ ಸಗೋತ್ರ ನಿಷೇಧವೆನ್ನಿ.

ಲಿನ್ನೇಯಸನ ಹೆಣ್ಣುಮಕ್ಕಳಲ್ಲಿ ಯಾರ ಹೆಸರೂ ಲಿನ್ನೇಯಾ ಅಲ್ಲ. ಹುಡುಗಿಯರ ಹೆಸರಾಗಿ ಇದು ಹಬ್ಬಿದ್ದು 19ನೇ ಶತಮಾನದ ಕೊನೆಗೆ. ಮೊದಲ ಹೆಸರಿನ ಬೆನ್ನಿಗೆ ಎರಡನೆಯದಾಗಿ ಇಡುವ ರೂಢಿಯೂ ಇದೆ.

ಕರೆಯುವಾಗ ಒತ್ತು 'ನೇ' ಮೇಲೆ ಬೀಳಬೇಕು. ಇಂಗ್ಲಿಷ್ ಅಕ್ಷರ ನೋಡಿ 'ಲಿನಿಯಾ' ಎಂದರೆ ಹೆಸರಿನ ನಡು ಮುರಿದಂತೆ. ಕನ್ನಡದಲ್ಲಿ ಬರೆಯುವವರು ದೀರ್ಘ ಬಿಡದಿದ್ದರೆ ಸಾಕು. ಸ್ವೀಡಿಷರು ಆ 'ನೇ'ಯೊಳಗಿನ 'ಇ' (e) ಅಕ್ಷರದ ನೆತ್ತಿಗೆ ಓರೆಗೆರೆ ಎಳೆಯುವುದೂ ಉಂಟು, ಬಿಡುವುದೂ ಉಂಟು. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಂತೂ ಗೆರೆ ಉದುರಿಹೋಗುತ್ತದೆ.

ಮನೆಯಲ್ಲಿ ಮುದ್ದಿಗೆ ಮೊಟಕು ಮಾಡಿದರೆ ಬಾಲವೆಲ್ಲ ಕಳಚಿ ಉಳಿಯುವುದು 'ಲಿನ್'. ಸ್ಮೋಲಾಂಡಿನ ರೈತ ಆ ಮರವನ್ನು ಕರೆಯುತ್ತಿದ್ದುದೂ ಹಾಗೆಯೇ.