ಬಿಯರ್‌ಗಿಂತ ಮೊದಲು ಮೊಳಕೆ

ನಮ್ಮಮ್ಮ ರಾಗಿ ಸರಿ ಮಾಡಲು ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಮೊಳಕೆ ಬಂದ ಗಂಟಿನೊಳಗೆ ಕೈ ಹಾಕಿದರೆ ಬೆಚ್ಚಗೆ. ಒಂದು ದಿನ ಜಾಸ್ತಿ ಬಿಟ್ಟರೆ ಬೇರುಗಳೆಲ್ಲ ಹೆಣೆದುಕೊಂಡುಬಿಡುತ್ತಿದ್ದವು. ಬಿಯರ್‌ಗೆ ಬೇಕಾದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ತಯಾರಾಗುವ ಇಂಗ್ಲೆಂಡಿನ ವಾರ್ಮಿನ್‌ಸ್ಟರ್ ಊರಿನ ಮಾಲ್ಟ್ ಮನೆ ಬಗ್ಗೆ ಓದುವಾಗೆಲ್ಲ ನನಗೆ ಆ ಗಂಟೇ ನೆನಪಾಗುತ್ತದೆ.

ವಿಲ್ಟ್‌ಷೈರ್‌ನ ಈ ಮನೆ ಕಟ್ಟಿದ್ದು 1855ರಲ್ಲಿ. ಕೆಲಸ ಇವತ್ತಿಗೂ ನೆಲದ ಮೇಲೆಯೇ. ಬಾರ್ಲಿಯನ್ನು ತೊಟ್ಟಿಯಲ್ಲಿ ನೆನೆಸಿ, ಉದ್ದನೆಯ ತಗ್ಗು ಕೋಣೆಯಲ್ಲಿ ಹರವುತ್ತಾರೆ. ಮೊಳಕೆಯೊಡೆಯುವ ಕಾಳು ತಾನಾಗಿ ಬಿಸಿಯಾಗುತ್ತದೆ. ಬೇರು ಹೆಣೆದುಕೊಳ್ಳದ ಹಾಗೆ ಸಲಿಕೆ, ಕುಂಟೆ ಹಿಡಿದು ಮತ್ತೆ ಮತ್ತೆ ಮಗುಚಬೇಕು. ಬಿಸಿ ಹೆಚ್ಚಾದರೆ ಕಿಟಕಿ ತೆರೆಯಬೇಕು, ಚಳಿಯಾದರೆ ಮುಚ್ಚಬೇಕು. ಹದ ಬಂತಾ ಅಂತ ಬೆರಳೇ ಹೇಳುತ್ತದೆ. ಒಂದು ಕಾಳು ಹಿಸುಕಿ ಉಜ್ಜಿದರೆ ಸೀಮೆಸುಣ್ಣದ ಹಾಗೆ ನುಣ್ಣನೆಯ ಬಿಳಿ ಹಿಟ್ಟಾಗಬೇಕು. ಆಮೇಲೆ ಬಿಸಿ ಗಾಳಿಯಲ್ಲಿ ಒಣಗಿಸಿ ಮೊಳಕೆ ನಿಲ್ಲಿಸುತ್ತಾರೆ.

ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುವುದು ಈ ನೆಲದ ಮೇಲೆ. ಸಕ್ಕರೆ ಇಲ್ಲದಿದ್ದರೆ ಬಿಯರ್ ಹುಳಿಸುವ ಈಸ್ಟ್ ತಿನ್ನುವುದೇನನ್ನು? ಆದರೂ ಹೆಸರೆಲ್ಲ ಬಿಯರ್ ಮಾಡುವ ಬ್ರೂವರಿಯವರಿಗೇ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಅದರಲ್ಲೂ ಈ ಮನೆ ನಡೆಸಿದ ಇ. ಎಸ್. ಬೀವನ್ ಅವರ ವಿಷಯದಲ್ಲಿ. ಅವರು ಮಾಲ್ಟ್ ಮಾರಿ ಸುಮ್ಮನೆ ಕೂರಲಿಲ್ಲ. ಬಾರ್ಲಿ ತಳಿಗಳನ್ನು ಪಕ್ಕಪಕ್ಕದಲ್ಲಿ ಬೆಳೆದು, ವರ್ಷಗಟ್ಟಲೆ ಹೋಲಿಸಿ ನೋಡಿದರು. 20ನೇ ಶತಮಾನದ ಆರಂಭದಲ್ಲಿ ಪ್ಲೂಮೇಜ್ ಮತ್ತು ಆರ್ಚರ್ ತಳಿಗಳನ್ನು ಕೂಡಿಸಿ ಪ್ಲೂಮೇಜ್-ಆರ್ಚರ್ ಬಾರ್ಲಿ ಕೊಟ್ಟರು. ಅದರ ಮಗು ಪ್ರಾಕ್ಟರ್, ಮೊಮ್ಮಗು ಮಾರಿಸ್ ಆಟರ್. 1960ರ ದಶಕದಲ್ಲಿ ಬಂದ ಈ ಮೊಮ್ಮಗು ಇಂದಿಗೂ ಏಲ್ ಅನ್ನುವ ಇಂಗ್ಲಿಷ್ ಬಿಯರ್ ಮಾಡುವವರ ಅಚ್ಚುಮೆಚ್ಚು. ಬೀವನ್ ನಂತರ ಗಿನ್ನೆಸ್ ಬಿಯರ್ ಕಂಪನಿಯವರು ಈ ಮನೆ ಕೊಂಡರು. ಆಮೇಲೆ ಅವರೂ ಕೈಬಿಟ್ಟರು. ಆದರೂ ಮಾಲ್ಟ್ ಕೆಲಸ ಉಳಿಯಿತು.

ಉಳಿಯಿತು ಅನ್ನುವುದು ಸಣ್ಣ ಮಾತಲ್ಲ. ಸಫೋಕ್‌ನ ಸ್ನೇಪ್‌ನಲ್ಲಿ ಮಾಲ್ಟ್ ಕೆಲಸ 1965ರಲ್ಲಿ ನಿಂತಿತು. 1967ಕ್ಕೆ ಆ ಕಟ್ಟಡ ಸಂಗೀತದ ಸಭಾಂಗಣವಾಯಿತು. ಕೆಡವುವುದಕ್ಕಿಂತ ಸಾವಿರ ಪಾಲು ಒಳ್ಳೆಯದು, ಒಪ್ಪುತ್ತೇನೆ. ಆದರೆ ಅಲ್ಲಿ ಉಳಿದದ್ದು ಗೋಡೆ. ಹದ ನೋಡುವ ಬೆರಳು ಹೋಯಿತು ಅಲ್ವಾ? ಹಳೇ ಕಟ್ಟಡಕ್ಕೆ ಹಳೇ ಕೆಲಸವನ್ನೇ ಉಳಿಸಿಕೊಡುವುದು ಕಷ್ಟ, ಖರ್ಚಿನದು. ನನಗೆ ಬೇಕಾದದ್ದು ಅದೇ.

ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರೇ, ಸ್ಟೋನ್‌ಹೆಂಜ್ ನೋಡಲು ಸಾಲಿಸ್‌ಬರಿಗೆ ಹೋಗುತ್ತೀರಲ್ಲ, ಅಲ್ಲಿಂದ ಬಾತ್ ಕಡೆ ಹೋಗುವ ರೈಲು ವಾರ್ಮಿನ್‌ಸ್ಟರ್‌ನಲ್ಲೂ ನಿಲ್ಲುತ್ತದೆ. ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ.